ಬೋಸ್ ಎಸ್ ಒನ್ ಪ್ರೊ ಸ್ಪೀಕರ್: ಹಳ್ಳಿ ಅಂಗಳದಲ್ಲಿ ಹಾಡುವವರಿಗೆ ಆಗುತ್ತಾ?

ಆಗುತ್ತೆ. ಐವತ್ತರಿಂದ ನೂರು ಜನ ಕೂರುವ ಅಂಗಳ, ಶಾಲೆಯ ಕೊಠಡಿ, ದೇವಸ್ಥಾನದ ಪೌಳಿ, ಮದುವೆಯ ಹಿಂದಿನ ದಿನದ ಚಪ್ಪರ, ಇಂಥ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಜಾತ್ರೆ ಬಯಲಿಗೆ, ಗಣಪತಿ ಪೆಂಡಾಲಿಗೆ, ಸಾವಿರ ಜನರ ಮುಂದೆ ಆಗಲ್ಲ. ಅದಕ್ಕೆ ಅಂತ ಮಾಡಿದ್ದೂ ಅಲ್ಲ. ನಮ್ಮ ಕಡೆ ಹಾಡುವ, ನಾಟಕ ಆಡಿಸುವ, ತಾಳಮದ್ದಳೆ ಮಾಡುವ ಸುಮಾರು ಜನ ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಒಂದೇ ಸಲ ಎಲ್ಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನಮ್ಮದು ಚಿಕ್ಕ ತಂಡ. ನಾನು ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತೇನೆ. ತಬಲಾಕ್ಕೆ ಒಬ್ಬರು, ತಾಳ ಹಿಡಿದು ದನಿಗೂಡಿಸಲು ಒಬ್ಬಳು. ದಾಸರ ಪದ, ವಚನ, ತತ್ವಪದ, ಕೇಳಿದರೆ ಭಾವಗೀತೆ. ಸಾಗರ, ಹೊಸನಗರ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಊರುಗಳಿಗೆ ಹೋಗುತ್ತೇವೆ. ಊರು ಅಂದರೆ ಬೀದಿ, ಅಂಗಡಿ ಸಾಲು ಇರುವ ಊರಲ್ಲ. ತೋಟಕ್ಕೊಂದು ಮನೆ, ಗುಡ್ಡ ಇಳಿದರೆ ಇನ್ನೊಂದು ಮನೆ. ಎಲ್ಲ ಸೇರಿದರೆ ಅರವತ್ತು ಎಪ್ಪತ್ತು ಜನ. ಅದರಲ್ಲಿ ಮಕ್ಕಳು ಎಷ್ಟು, ಬೆಂಗಳೂರಿನಿಂದ ರಜಕ್ಕೆ ಬಂದವರು ಎಷ್ಟು, ಕಂಬಕ್ಕೆ ಒರಗಿ ಕೂತ ಹಿರಿಯರು ಎಷ್ಟು ಅಂತ ಕೂತಲ್ಲಿಂದಲೇ ನೋಡಬಹುದು.

ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ ಒಮ್ಮೆಯಾದರೂ ಹೋಗಿದ್ದರೆ ನಾನು ಹೇಳುವುದು ಬೇಗ ತಿಳಿಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಕರೂರು, ಬಾರಂಗಿ ಹೋಬಳಿಯ ಊರುಗಳು ನೀರಿನ ಆ ಕಡೆ ಉಳಿದುಬಿಟ್ಟವು. ರಾಜ್ಯಕ್ಕೆಲ್ಲ ಕರೆಂಟು ಕೊಟ್ಟ ನೀರು ಅದು. ಅಲ್ಲಿಯವರಿಗೆ ಮಾತ್ರ ಸಾಗರಕ್ಕೆ ಬರಬೇಕಂದರೆ ಹೆಚ್ಚಾಗಿ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಬಸ್ಸು, ಕಾರು, ಜನ, ಎಲ್ಲ ಅದರ ಮೇಲೇ. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಹಾಗಾಗಿ ಆ ಕಡೆ ಕಾರ್ಯಕ್ರಮಕ್ಕೆ ಹೋದರೆ ರಾತ್ರಿ ಅಲ್ಲೇ ಉಳಿಯಬೇಕಿತ್ತು, ಯಾರದ್ದಾದರೂ ಮನೆಯಲ್ಲಿ ಊಟ, ಜಗಲಿಯ ಮೇಲೆ ಕಂಬಳಿ, ಬೆಳಿಗ್ಗೆ ದೋಸೆ ತಿಂದು ಮೊದಲ ಲಾಂಚಿಗೆ ವಾಪಸ್. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾಯಿತು. 2.44 ಕಿಲೋಮೀಟರ್ ಉದ್ದ, ಈಗ ಕೆಲವೇ ನಿಮಿಷದಲ್ಲಿ ದಾಟಿಬಿಡಬಹುದು. ಆಸ್ಪತ್ರೆಗೆ, ಕಾಲೇಜಿಗೆ ಅಂತ ಅಲ್ಲಿಯವರು ಎಷ್ಟು ವರ್ಷ ಕಾದಿದ್ದರು ಅಂತ ಗೊತ್ತಿದ್ದವರಿಗೆ ಆ ಸೇತುವೆ ನೋಡಿದರೆ ಸಂತೋಷ ಆಗೇ ಆಗುತ್ತೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆಗ ಲಾಂಚ್ ಹತ್ತುವಾಗ, ಈಗಲೂ ಮಳೆಗಾಲದಲ್ಲಿ ಕಾಲುಸಂಕ ದಾಟುವಾಗ, ಜೀಪು ನಿಂತ ಮೇಲೆ ತೋಟದೊಳಗೆ ನಡೆಯುವಾಗ ಸಾಮಾನು ಹೊರುವವರು ನಾವೇ. ಹಾರ್ಮೋನಿಯಂ ಒಂದು ಕೈ. ತಬಲಾ ಡಗ್ಗ ಒಂದು ಚೀಲ. ಇನ್ನು ಉಳಿದದ್ದು ಒಂದೇ ಕೈ. ಆ ಕೈಯಲ್ಲಿ ಹಿಡಿಯಲು ಆಗುವಷ್ಟೇ ತೂಕದ ಸ್ಪೀಕರ್ ಬೇಕಿತ್ತು. ಎಸ್ ಒನ್ ಪ್ರೊ ತೂಕ 7 ಕೆಜಿ ಮತ್ತು ಸ್ವಲ್ಪ. ಮೇಲೆ ಹಿಡಿಯಲು ಹಿಡಿಕೆ ಇದೆ. ಒಳಗೇ ಬ್ಯಾಟರಿ, ಒಳಗೇ ಆಂಪ್ಲಿಫೈಯರ್, ಹಿಂದೆ ಮೂರು ಚಾನೆಲ್‌ನ ಮಿಕ್ಸರ್. ಬೇರೆ ಡಬ್ಬಿ ಯಾವುದೂ ಬೇಡ.

ಇದಕ್ಕೂ ಮೊದಲು ಏನಾಗುತ್ತಿತ್ತು ಅಂತ ಹೇಳಿದರೆ ಹಳ್ಳಿಗೆ ಹಾಡಲು ಹೋಗುವವರೆಲ್ಲ ಹೌದು ಹೌದು ಅನ್ನುತ್ತಾರೆ. ಊರಿನವರು ಪ್ರೀತಿಯಿಂದ ಮೈಕ್‌ಸೆಟ್ ತರಿಸಿರುತ್ತಾರೆ. ಶಾಮಿಯಾನ, ಕುರ್ಚಿ, ಟ್ಯೂಬ್‌ಲೈಟ್ ಜೊತೆ ಅದೂ ಬಾಡಿಗೆಗೆ ಬಂದಿರುತ್ತೆ. ಮರಕ್ಕೆ ಎರಡು ಹಾರ್ನ್ ಕಟ್ಟಿ, ಪಕ್ಕದಲ್ಲಿ ಆಳೆತ್ತರದ ಬಾಕ್ಸ್ ಇಟ್ಟು, ಮನೆ ಹಿಂದೆ ಜನರೇಟರ್ ಶುರು ಮಾಡಿ, ಎಕೋ ಪೂರ್ತಿ ತಿರುಗಿಸಿ ಇಡುತ್ತಾರೆ. ಮೈಕ್‌ಸೆಟ್ಟಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬೆಳಗ್ಗೆಯಿಂದ ಕಂಬ ಹತ್ತಿ ದುಡಿದಿರುತ್ತಾನೆ, ದೂರ ಕೇಳಬೇಕು ಅಂತಲೇ ಅವನಿಗೆ ಹೇಳಿರುತ್ತಾರೆ. ಆದರೆ ಹತ್ತಡಿ ದೂರದಲ್ಲಿ ಕೂತವರಿಗೆ ಹಾರ್ನ್ ಏಕೆ? ನನ್ನ ದನಿ ನನ್ನ ಬಾಯಿಂದ ಬರುತ್ತಿಲ್ಲ, ಮರದಿಂದ ಬರುತ್ತಿದೆ. ವಚನದ ಒಂದೊಂದು ಮಾತೂ ಎಕೋದಲ್ಲಿ ಕಲಸಿಹೋಗಿ ಮುಂದಿನ ಮಾತಿನ ಮೇಲೆ ಬೀಳುತ್ತೆ. ಎದುರಿಗೆ ಕೂತ ಅಜ್ಜಿ ಬಾಯಿ ಆಡಿಸುತ್ತಿದ್ದಾರೆ, ನನ್ನ ಜೊತೆಗೇ ಹಾಡುತ್ತಿದ್ದಾರೆ ಅಂತ ಕಾಣುತ್ತೆ, ಕೇಳಿಸಲ್ಲ. ಅವರಿಗೂ ಅವರ ದನಿ ಕೇಳಿಸದೆ ಎರಡು ಸಾಲು ಆದ ಮೇಲೆ ನಿಲ್ಲಿಸಿಬಿಡುತ್ತಾರೆ. ನನಗೆ ಅತಿ ಬೇಜಾರು ಆಗುವುದು ಇದೇ.

ಸಣ್ಣ ಊರಿನಲ್ಲಿ ಕೇಳಲು ಬಂದವರು ಸುಮ್ನೆ ಕೇಳುಗರಲ್ಲ. ಅವರಿಗೆ ಹಾಡು ಗೊತ್ತಿದೆ. ವಾರದ ಭಜನೆಯಲ್ಲಿ ಹಾಡುವವರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಹಸೆ ಮುಂದೆ ಕೂತು ಗಂಟೆಗಟ್ಟಲೆ ಮದುವೆ ಹಾಡು ಹೇಳುವ ಹೆಂಗಸರು, ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಅಂಟಿಗೆ ಪಂಟಿಗೆ ಹಾಡುತ್ತಾ ರಾತ್ರಿಯಿಡೀ ನಡೆಯುವ ಗಂಡಸರು. ಮೈಕು ಮುಟ್ಟದೆ ಬೆಳೆದ ದನಿಗಳು ಇವು. ಅಂಥ ಜಾಗದಲ್ಲಿ ಸ್ಪೀಕರ್‌ಗೆ ಇರುವ ಕೆಲಸ ಬಹಳ ಚಿಕ್ಕದು: ಬಾಗಿಲ ಬಳಿ ನಿಂತವರಿಗೂ ಮಾತು ಬಿಡಿಸಿ ಕೇಳಬೇಕು, ಮತ್ತೆ ಎದುರಿಗಿದ್ದವರ ದನಿ ಮುಚ್ಚಿಹೋಗಬಾರದು. ಈ ಸ್ಪೀಕರ್‌ನ ನಾನು ಅಳೆಯುವುದು ಇದೊಂದರಿಂದಲೇ.

ಈಗ ಸದ್ದಿನ ವಿಷಯ. ಬಯಲಿನಲ್ಲಿ ದೂರ ಎರಡರಷ್ಟು ಆದ ಹಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತೆ, ಅದನ್ನು ಮತ್ತೆ ತುಂಬಬೇಕಂದರೆ ನಾಲ್ಕು ಪಟ್ಟು ಪವರ್ ಬೇಕು. ಅದಕ್ಕೇ ಹಿಂದೆ ಇರುವವರಿಗೆ ಕೇಳಿಸಬೇಕು ಅಂತ ನೆಲದ ಮೇಲಿಟ್ಟ ಸ್ಪೀಕರನ್ನೇ ಜೋರು ಮಾಡಿದರೆ ಮುಂದಿನ ಸಾಲಿನವರ ಕಿವಿ ಹೋಗುತ್ತೆ, ಹಿಂದಿನವರಿಗೆ ಮಾತ್ರ ಅಷ್ಟಕ್ಕಷ್ಟೇ. ಅದರ ಬದಲು ಎತ್ತರಕ್ಕೆ ಏರಿಸಬೇಕು. ಕೆಳಗೆ ಕಂಬಕ್ಕೆ ಸಿಕ್ಕಿಸಲು ಜಾಗ ಇದೆ, ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಪೀಕರ್ ಸ್ಟ್ಯಾಂಡ್ ಕೂರುತ್ತೆ. ಕೂತವರ ತಲೆಗಿಂತ ಸ್ವಲ್ಪ ಮೇಲೆ ನಿಂತರೆ ಮುಂದಿನವರ ತಲೆ ಮೇಲೆ ಹಾದು ಹಿಂದಿನವರಿಗೂ ಹದವಾಗಿ ಹೋಗುತ್ತೆ. ಮಲೆನಾಡಿನ ಮನೆಯಾದರೆ ಸ್ಟ್ಯಾಂಡೂ ಬೇಡ. ಜಗಲಿ ಅಂಗಳಕ್ಕಿಂತ ಎತ್ತರ ಇರುತ್ತೆ, ಅದರ ಅಂಚಿಗೆ ಒಂದು ಗಟ್ಟಿ ಮಣೆ ಹಾಕಿ ಇಟ್ಟರೆ ಆಯಿತು. ನಿಲ್ಲಿಸಬಹುದು, ಹಿಂದಕ್ಕೆ ಒರಗಿಸಬಹುದು, ಅಡ್ಡ ಮಲಗಿಸಬಹುದು, ಕಂಬಕ್ಕೆ ಏರಿಸಬಹುದು. ಹೇಗೆ ಇಟ್ಟಿದ್ದೀರಿ ಅಂತ ತಾನೇ ತಿಳಿದುಕೊಂಡು ದನಿಯ ಹದ ಬದಲಿಸಿಕೊಳ್ಳುತ್ತೆ. ಮೊದಲು ಇದು ಜಾಹೀರಾತಿನ ಮಾತು ಅಂದುಕೊಂಡಿದ್ದೆ, ಆದರೆ ಸಾಲು ಹಾಡುತ್ತಿರುವಾಗಲೇ ಯಾರಾದರೂ ಒರಗಿಸಿದ್ದನ್ನು ನೆಟ್ಟಗೆ ನಿಲ್ಲಿಸಿ ನೋಡಲಿ, ವ್ಯತ್ಯಾಸ ಕಿವಿಗೆ ತಿಳಿಯುತ್ತೆ.

ಒಂದನೇ ಚಾನೆಲ್ ನನ್ನ ದನಿಗೆ. ಮೈಕು ಶೂರ್ ಎಸ್‌ಎಂ 58, 1966ರಿಂದ ಇದೆ, ಬಿದ್ದರೂ ಎದ್ದರೂ ಕೆಲಸ ಮಾಡುತ್ತೆ, ಜಾಸ್ತಿ ಹೇಳುವುದೇನೂ ಬೇಡ. ಚಾನೆಲ್‌ನಲ್ಲಿ ಟೋನ್‌ಮ್ಯಾಚ್ ಅಂತ ಒಂದು ಚಿಕ್ಕ ಸ್ವಿಚ್ ಇದೆ, ಮೈಕಿಗೆ ಒಂದು ಕಡೆ, ಗಿಟಾರಿಗೆ ಒಂದು ಕಡೆ. ಮೈಕಿನ ಕಡೆ ಇಟ್ಟುಕೊಳ್ಳಿ. ಬೇಸ್ ಸ್ವಲ್ಪ ಇಳಿಸಿ. ಹತ್ತಿರದಿಂದ ಹಾಡುವಾಗ ದನಿ ಗುಂ ಅನ್ನುವುದು ಇದರಿಂದ ಹೋಗುತ್ತೆ. ದನಿಗೆ ಅನುರಣನ ಸೇರಿಸುವ ರಿವರ್ಬ್ ತಿರುಗಣೆ ಇದೆ, ಮಣ್ಣಿನ ಗೋಡೆ, ಸೋಗೆ ಚಪ್ಪರ ಇರುವಲ್ಲಿ ದನಿ ಹೀರಿಕೊಂಡು ಒಣಗಿದ ಹಾಗೆ ಕೇಳುತ್ತೆ, ಅಲ್ಲಿ ಒಂಚೂರು ಹಾಕಬಹುದು. ಸಿಮೆಂಟ್ ಗೋಡೆಯ ಶಾಲೆ ಕೊಠಡಿಯಲ್ಲಿ ಬೇಡವೇ ಬೇಡ, ಕೊಠಡಿಯೇ ಸಾಕಷ್ಟು ಅನುರಣನ ಕೊಡುತ್ತೆ.

ಹಾರ್ಮೋನಿಯಂಗೆ ಮೈಕು ಇಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನೂರು ಜನರ ಒಳಗೆ ಬೇಡ ಅಂತ ನನ್ನ ಅನುಭವ. ಹಾಡುವವರೇ ನುಡಿಸುತ್ತಿದ್ದರೆ ದನಿಯ ಮೈಕಿಗೇ ಅದು ಬೇಕಾದಷ್ಟು ಬೀಳುತ್ತೆ. ತಬಲಾಕ್ಕಂತೂ ಇಂಥ ಅಂಗಳದಲ್ಲಿ ಮೈಕೇ ಬೇಡ. ಒಳ್ಳೆಯ ಕೈಯಿಂದ ಬಂದ ತಿಂ ಅನ್ನುವ ನಾದ ತೋಟದ ಅಂಚಿನವರೆಗೂ ಹೋಗುತ್ತೆ. ಎಲ್ಲಕ್ಕೂ ಮೈಕು ಹಿಡಿದರೆ ಎಲ್ಲವೂ ಒಂದೇ ಡಬ್ಬಿಯಿಂದ ಬಂದ ಹಾಗಾಗುತ್ತೆ, ಹಾಡುವವರು ಎಲ್ಲಿ, ನುಡಿಸುವವರು ಎಲ್ಲಿ ಅಂತ ಕಿವಿಗೆ ಗೊತ್ತಾಗಲ್ಲ. ಇದರಲ್ಲಿ ಫ್ಯಾಂಟಮ್ ಪವರ್, ಅಂದರೆ ವೈರ್ ಮೂಲಕವೇ ಮೈಕಿಗೆ ಕರೆಂಟು ಕೊಡುವ ವ್ಯವಸ್ಥೆ, ಇಲ್ಲ ಅನ್ನುವುದೂ ನೆನಪಿರಲಿ, ಅಂದರೆ ಸ್ಟುಡಿಯೋದವರ ಕಂಡೆನ್ಸರ್ ಮೈಕು ನೇರವಾಗಿ ಹಾಕಿದರೆ ನಡೆಯಲ್ಲ. ಕೊಳಲು, ಸಾರಂಗಿ ಜೊತೆಗಿಟ್ಟುಕೊಂಡು ಅಂಥ ಮೈಕು ಬಳಸುವವರು ಮೊದಲೇ ಯೋಚಿಸಬೇಕು.

ಮೂರನೇ ಚಾನೆಲ್‌ಗೆ ಫೋನು, ಬ್ಲೂಟೂತ್ ಮೇಲೆ. ಅದರಲ್ಲಿ ತಂಬೂರಿ ಆಪ್. ನನ್ನ ಶ್ರುತಿ ಕಪ್ಪು ಐದು (ಹಾರ್ಮೋನಿಯಂನ ಐದನೇ ಕಪ್ಪು ಮನೆ, ಅಂದರೆ ಕೀಲಿ), ಅದಕ್ಕೆ ಹೊಂದಿಸಿ ತೀರಾ ಸಣ್ಣಗೆ ಬಿಟ್ಟಿರುತ್ತೇನೆ. ಬ್ಲೂಟೂತ್‌ನಲ್ಲಿ ಸದ್ದು ಒಂಚೂರು ತಡವಾಗಿ ಬರುತ್ತೆ, ತಂಬೂರಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಫೋನಿನಲ್ಲೇ ಕೀಬೋರ್ಡ್ ನುಡಿಸಿ ಕೇಳಿಸುತ್ತೇನೆ ಅನ್ನುವವರಿಗೆ ಆಗಲ್ಲ. ಅವರು ವೈರ್ ಹಾಕಬೇಕು, ಅದಕ್ಕೂ ಜಾಗ ಇದೆ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಆಮೇಲೆ ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಇಲ್ಲದಿದ್ದರೆ ಯಾರೋ ಕರೆ ಮಾಡಿದ್ದು ಇಡೀ ಚಪ್ಪರಕ್ಕೆ ಕೇಳುತ್ತೆ.

ಎರಡನೇ ಚಾನೆಲ್ ಬಿಟ್ಟು ಮುಂದೆ ಹೋದೆ ಅಲ್ವಾ. ಅದು ಊರಿನವರಿಗೆ. ಅದಕ್ಕೊಂದು ಮೈಕು ಸಿಕ್ಕಿಸಿ, ಸದ್ದು ಹದ ಮಾಡಿ, ಸ್ವಿಚ್ ಆಫ್ ಮಾಡಿ ಪಕ್ಕದಲ್ಲಿ ಇಟ್ಟಿರುತ್ತೇವೆ. ಇದು ನಮ್ಮ ತಂಡದ ಪದ್ಧತಿಯೇ ಆಗಿಬಿಟ್ಟಿದೆ.

ಹಿನ್ನೀರಿನ ಕಡೆಯ ಒಂದು ಮನೆಯ ಕಾರ್ಯಕ್ರಮ ಹೇಳುತ್ತೇನೆ. ಜೂನ್ ಕೊನೆ, ಅಂಗಳಕ್ಕೆ ತಗಡಿನ ಮಾಡು. ಮೂರನೆಯ ಹಾಡಿಗೆ ಮಳೆ ಹಿಡಿಯಿತು. ತಗಡಿನ ಮೇಲೆ ಮಲೆನಾಡಿನ ಮಳೆ ಬಿದ್ದರೆ ಯಾವ ಸ್ಪೀಕರೂ ಅದನ್ನು ಮೀರಲ್ಲ, ಮೀರಿಸಲು ಹೋಗಲೂಬಾರದು. ಹಾಡು ನಿಲ್ಲಿಸಿದೆವು. ಕಷಾಯ ಬಂತು, ಎಲೆ ಅಡಿಕೆ ಕವಳದ ತಟ್ಟೆ ಸುತ್ತಿತು, ಮಕ್ಕಳು ಹಾರ್ಮೋನಿಯಂ ಮನೆ ಒತ್ತಿ ನೋಡಿದರು. ಮಳೆ ಸ್ವಲ್ಪ ತಗ್ಗಿದಾಗ ಗೋಡೆಯ ಬದಿ ಕೂತಿದ್ದ ಅಜ್ಜಿಯೊಬ್ಬರನ್ನು ಪಕ್ಕದಲ್ಲಿದ್ದ ಹೆಂಗಸರು ಮೊಣಕೈಯಲ್ಲಿ ತಿವಿಯುತ್ತಿದ್ದರು. "ನೀವು ಹೇಳ್ರಿ ಅಜ್ಜಿ, ಅವ್ರೂ ಕೇಳ್ಲಿ." ಅಜ್ಜಿ ಮೊದಲು ಒಲ್ಲೆ ಅಂದರು, ಗಂಟಲು ಸರಿ ಇಲ್ಲ ಅಂದರು, ಆಮೇಲೆ ನನ್ನ ಕಡೆ ನೋಡಿ "ತಂಗಿ, ಅದನ್ನ ಹಿಂಗೇ ಹಿಡ್ಕಬೇಕಾ?" ಅಂತ ಮೈಕನ್ನು ಗಲ್ಲದ ಕೆಳಗೆ ಇಟ್ಟುಕೊಂಡರು. ಹಸೆಗೆ ಕರೆಯುವ ಹಾಡು ಶುರುವಾಯಿತು. ಒಂದು ಸಾಲು ಅವರು ಹೇಳುವುದು, ಉಳಿದ ನಾಲ್ಕೈದು ಹೆಂಗಸರು ಅದನ್ನೇ ತಿರುಗಿ ಹೇಳುವುದು. ಅಜ್ಜಿಯ ಶ್ರುತಿ ನನ್ನ ಶ್ರುತಿಗಿಂತ ಎಷ್ಟೋ ಕೆಳಗೆ, ಹಾರ್ಮೋನಿಯಂನ ಯಾವ ಮನೆಗೂ ಸರಿಯಾಗಿ ಕೂರದ ಜಾಗ. ತಂಬೂರಿ ನಿಲ್ಲಿಸಿದೆ. ತಬಲಾದವರು ಕೈ ಮಡಚಿ ಕೂತರು. ಅಜ್ಜಿಯ ದನಿಯಲ್ಲಿ ಒಂದು ಒರಟು ನಡುಕ ಇತ್ತು, ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಎಳೆದು ಕೆಳಗೆ ಜಾರಿಸುತ್ತಿದ್ದರು, ಆ ಜಾರುವಿಕೆ ಆರು ಹೆಂಗಸರಲ್ಲೂ ಒಂದೇ ಥರ. ಅದೆಲ್ಲ ಸ್ಪಷ್ಟವಾಗಿ ಕೇಳಿತು. ಹಾರ್ನ್ ಇದ್ದಿದ್ದರೆ ಆ ನಡುಕ ಕಿರುಚಿದಂತೆ ಕೇಳುತ್ತಿತ್ತು, ತಿರುಗಿ ಹೇಳುವ ಹೆಂಗಸರ ದನಿ ಪೂರ್ತಿ ಮುಳುಗುತ್ತಿತ್ತು. ಇಲ್ಲಿ ಮೈಕು ಹಿಡಿದ ಅಜ್ಜಿಯ ದನಿಯೂ, ಮೈಕಿಲ್ಲದ ಹೆಂಗಸರ ದನಿಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಂತವು. ನಮ್ಮ ಕಾರ್ಯಕ್ರಮ ಆಮೇಲೆ ಮುಂದುವರಿಯಿತು, ಆದರೆ ಆ ರಾತ್ರಿ ಹೆಚ್ಚು ಹೊತ್ತು ಹಾಡಿದ್ದು ಅವರೇ.

ಪೇಟೆಯ ಸಭಾಂಗಣದಲ್ಲಿ ಹಾಡಿದರೆ ಚಪ್ಪಾಳೆ ಬರುತ್ತೆ, ಒಳ್ಳೆಯ ಸಂಭಾವನೆಯೂ ಬರುತ್ತೆ, ಅದು ಬೇಡ ಅನ್ನುತ್ತಿಲ್ಲ. ಆದರೆ ನಾನು ಕಲಿತದ್ದರಲ್ಲಿ ಬಹಳಷ್ಟು ಇಂಥ ಅಂಗಳದಲ್ಲೇ. ಒಂದು ದಾಸರ ಪದಕ್ಕೆ ಎಷ್ಟು ಧಾಟಿ ಇರಬಹುದು ಅಂತ ನನಗೆ ತೋರಿಸಿದವರು ಭಜನೆ ಮನೆಯವರು. ಯಲ್ಲಾಪುರದ ಕಡೆ ಸಿದ್ದಿ ಜನರ ಊರಿಗೆ ಹೋದಾಗ ನಾವು ಹಾಡಿ ಮುಗಿಸಿದ ಮೇಲೆ ಅವರು ದಮಾಮಿ ತೆಗೆದರು. ನಮ್ಮ ತಬಲಾದವರು ಆ ಚರ್ಮವಾದ್ಯದ ಎದುರಿಗೆ ಕೂತು ಏಟು ಲೆಕ್ಕ ಹಾಕುತ್ತಲೇ ಇದ್ದರು. ಆಗ ಸ್ಪೀಕರ್ ಪೂರ್ತಿ ಆಫ್ ಮಾಡಿದ್ದೆವು. ದಮಾಮಿಗೆ, ಡೊಳ್ಳಿಗೆ ಮೈಕು ಹಿಡಿಯುವುದು ವಾದ್ಯಕ್ಕೆ ಮರ್ಯಾದೆ ಅಲ್ಲ ಅಂತ ನನ್ನ ಅಭಿಪ್ರಾಯ.

ಬ್ಯಾಟರಿ ಬಗ್ಗೆ. ಕಂಪನಿ ಹೇಳುವುದು 11 ಗಂಟೆಯವರೆಗೆ. ಅದು ಹದವಾದ ಸದ್ದಿನಲ್ಲಿ. ಪೂರ್ತಿ ತಿರುಗಿಸಿದರೆ ಅಷ್ಟು ಬರಲ್ಲ, ಯಾವ ಬ್ಯಾಟರಿಯೂ ಬರಲ್ಲ. ನಾವು ಹಾಡುವ ಅಳತೆಯಲ್ಲಿ ಒಂದು ಸಂಜೆಯ ಕಾರ್ಯಕ್ರಮ ಆರಾಮಾಗಿ ಮುಗಿದು ಇನ್ನೂ ಉಳಿದಿರುತ್ತೆ. ಮಲೆನಾಡಿನಲ್ಲಿ ಇದರ ಬೆಲೆ ಏನು ಅಂತ ಮಳೆಗಾಲ ನೋಡಿದವರಿಗೆ ಗೊತ್ತು. ಒಂದು ಮರ ತಂತಿ ಮೇಲೆ ಬಿತ್ತು ಅಂದರೆ ಕರೆಂಟು ಎರಡು ದಿನ ಬರದೇ ಇರಬಹುದು. ಕರೆಂಟು ಹೋದಾಗ ಲೈಟು ಹೋಗುತ್ತೆ, ಯಾರೋ ಗ್ಯಾಸ್‌ಲೈಟೋ ಚಾರ್ಜರ್ ಲೈಟೋ ತರುತ್ತಾರೆ, ಹಾಡು ನಿಲ್ಲಲ್ಲ. ಜನರೇಟರ್ ಗಡಗಡ ಇಲ್ಲ ಅನ್ನುವುದೇ ದೊಡ್ಡ ನೆಮ್ಮದಿ. ಜನರೇಟರ್ ಸದ್ದಿನಲ್ಲಿ ಶ್ರುತಿ ಹಿಡಿದು ಕೂರುವುದು ಹಾಡುವವರಿಗೆ ಎಂಥ ಹಿಂಸೆ ಅಂತ ಹಾಡುವವರೇ ಹೇಳಬೇಕು, ಅದು ತನ್ನದೇ ಒಂದು ಸ್ವರ ಹಿಡಿದು ಕೂತಿರುತ್ತೆ ಮತ್ತು ಆ ಸ್ವರ ನಿಮ್ಮ ಷಡ್ಜಕ್ಕೆ ಯಾವತ್ತೂ ಸೇರಲ್ಲ.

ಚಾರ್ಜ್ ಮಾಡುವುದು ಎಲ್ಲಿ ಅನ್ನುವುದು ಮುಂದಿನ ಪ್ರಶ್ನೆ. ಕೆಲವು ಮನೆಗಳಲ್ಲಿ ಹಳ್ಳದ ನೀರಿನಿಂದಲೇ ಕರೆಂಟು ತೆಗೆಯುತ್ತಾರೆ. ಗುಡ್ಡದ ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ ಮನೆ ಹತ್ತಿರ ಚಿಕ್ಕ ಟರ್ಬೈನ್ ತಿರುಗಿಸುವುದು. ಪಶ್ಚಿಮ ಘಟ್ಟದ ಮನೆಗಳಲ್ಲಿ ಇದು ಸುಮಾರು ಕಡೆ ಇದೆ, ಸರ್ಕಾರದ ಸಬ್ಸಿಡಿಯೂ ಸಿಕ್ಕಿದೆ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವಾಗ ಊರಿಗೆಲ್ಲ ಕತ್ತಲೆ, ಆ ಮನೆಗೆ ಮಾತ್ರ ಬೆಳಕು. ರಾತ್ರಿ ಅಲ್ಲಿ ಉಳಿದರೆ ಬೆಳಿಗ್ಗೆಗೆ ಸ್ಪೀಕರ್ ತುಂಬಿರುತ್ತೆ. ಸೋಲಾರ್ ಇರುವ ಮನೆಯಾದರೆ ಮೊದಲು ಮನೆಯವರನ್ನು ಕೇಳಿ. ಮೋಡದ ದಿನ ಅವರ ಬ್ಯಾಟರಿಯಲ್ಲಿ ಇರುವುದೇ ನಾಲ್ಕು ಲೈಟಿಗೆ ಸಾಕಾಗುವಷ್ಟು, ಅತಿಥಿ ಅಂತ ಅವರು ಇಲ್ಲ ಅನ್ನಲ್ಲ, ನಾವೇ ತಿಳಿದುಕೊಳ್ಳಬೇಕು.

ಇದು ಲಿಥಿಯಂ ಬ್ಯಾಟರಿ. ಮಳೆಗಾಲ ಮುಗಿದು ಕಾರ್ಯಕ್ರಮ ಇಲ್ಲದ ತಿಂಗಳಿನಲ್ಲಿ ಪೂರ್ತಿ ಖಾಲಿ ಮಾಡಿ ಮೂಲೆಗೆ ಇಡಬೇಡಿ, ಅರ್ಧದಷ್ಟು ಚಾರ್ಜ್ ಇರಲಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ. ಬ್ಯಾಟರಿ ಹಳೆಯದಾದರೆ ಬಿಚ್ಚಿ ಹೊಸದು ಹಾಕಬಹುದು, ಅದು ಬಿಡಿಯಾಗಿ ಸಿಗುತ್ತೆ, ಇಡೀ ಸ್ಪೀಕರ್ ಬಿಸಾಕುವ ಪ್ರಮೇಯ ಇಲ್ಲ. ದುಬೈ, ಸಿಂಗಪುರದ ಕನ್ನಡ ಸಂಘಕ್ಕೆ ಹೋಗುವವರು ಇದನ್ನೇ ಹೊತ್ತೊಯ್ಯಬಹುದಾ ಅಂತ ಕೇಳುತ್ತಾರೆ. ವಿಮಾನದಲ್ಲಿ ಲಿಥಿಯಂ ಬ್ಯಾಟರಿಗೆ 100 ವಾಟ್ ಅವರ್ ಮಿತಿ ಇದೆ, ಅದಕ್ಕಿಂತ ಮೇಲೆ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಬ್ಯಾಟರಿಯ ಮೇಲೆ ಬರೆದ ಸಂಖ್ಯೆ ನೋಡಿ ಮೊದಲೇ ಕೇಳಿಕೊಳ್ಳಿ. ಸಂಘದ ಸಭಾಂಗಣದಲ್ಲಿ ಹೇಗೂ ಸೌಂಡ್ ಇರುತ್ತೆ, ಹೊರುವ ಅಗತ್ಯ ನನಗಂತೂ ಕಂಡಿಲ್ಲ.

ನೀರಿಗೆ ಇದು ಆಗಲ್ಲ. ಮಳೆಗೆ ತಡೆಯುವ ಥರ ಮಾಡಿದ್ದಲ್ಲ, ಹಾಗಾಗಿ ಮಲೆನಾಡಿನವರು ಕವರ್ ಜೊತೆಗೇ ತಗೊಳ್ಳಬೇಕು, ಕವರ್ ಮೇಲೆ ಇನ್ನೊಂದು ದಪ್ಪ ಪ್ಲಾಸ್ಟಿಕ್ ಇರಲಿ. ಸೋಗೆ ಚಪ್ಪರ ಹನಿಯುತ್ತೆ, ಎಲ್ಲಿ ಹನಿಯುತ್ತೆ ಅಂತ ಮಳೆ ಬಂದ ಮೇಲೆಯೇ ತಿಳಿಯುವುದು. ಸ್ಪೀಕರ್ ಜಗಲಿ ಒಳಗೇ ಇರಲಿ. ತೇವ ತಬಲಾಕ್ಕೆ ಮಾಡುವಷ್ಟು ಕಾಟ ಇದಕ್ಕೆ ಮಾಡಲ್ಲ, ಜುಲೈನಲ್ಲಿ ತಬಲಾದ ಚರ್ಮ ಸಡಿಲಾಗಿ ಹಾಡಿಗೊಮ್ಮೆ ಸುತ್ತಿಗೆ ಹಿಡಿಯಬೇಕಾಗುತ್ತೆ, ಒಲೆ ಪಕ್ಕ ಇಟ್ಟು ಬೆಚ್ಚಗೆ ಮಾಡಿಕೊಳ್ಳುವವರೂ ಇದ್ದಾರೆ.

ಮೈಕು ಕೂಗುವುದು ಎಲ್ಲರಿಗೂ ಇರುವ ತೊಂದರೆ. ಸ್ಪೀಕರ್ ನಿಮಗಿಂತ ಒಂದು ಹೆಜ್ಜೆ ಮುಂದೆ, ಮುಖ ಜನರ ಕಡೆ. ಮೈಕಿನ ಬೆನ್ನು ಸ್ಪೀಕರ್ ಕಡೆ. ಇಷ್ಟು ಮಾಡಿದರೆ ಕೂಗಲ್ಲ. ನಿಮಗೆ ನಿಮ್ಮ ದನಿ ಕಡಿಮೆ ಕೇಳುತ್ತೆ ಅನ್ನಿಸಬಹುದು, ಆದರೆ ಎಂಟು ಹತ್ತು ಅಡಿಯಲ್ಲಿ ಗೋಡೆ ಇರುವ ಅಂಗಳದಲ್ಲಿ ದನಿ ತಿರುಗಿ ಬಂದೇ ಬರುತ್ತೆ. ನಿಮ್ಮ ದನಿ ನಿಮಗೇ ಕೇಳಿಸುವ ಬೇರೆ ಮಾನಿಟರ್ ಸ್ಪೀಕರ್ ಬೇಕಂದರೆ ಹಿಂದೆ ಲೈನ್ ಔಟ್ ಇದೆ, ಇನ್ನೊಂದು ಸ್ಪೀಕರ್ ಸೇರಿಸಬಹುದು.

ರಾತ್ರಿ ಹತ್ತರ ನಿಯಮ ಹೇಳದೆ ಮುಗಿಸಲು ಆಗಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಕ್ಕೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಬಿಡಬಹುದು. ಬೆಳಗಿನವರೆಗೆ ಆಡುವ ಯಕ್ಷಗಾನಕ್ಕೆ ಇದು ದೊಡ್ಡ ಪೆಟ್ಟು ಕೊಟ್ಟಿತು, ಕಾಲಮಿತಿ ಪ್ರದರ್ಶನ ಜಾಸ್ತಿ ಆದದ್ದಕ್ಕೆ ಇದೂ ಒಂದು ಕಾರಣ. ನಮ್ಮಂಥವರಿಗೆ ಅಷ್ಟು ಕಷ್ಟ ಆಗಿಲ್ಲ. ಹತ್ತಕ್ಕೆ ಸ್ಪೀಕರ್ ಆಫ್. ಆಮೇಲೆ ಜನ ಜಮಖಾನ ಎಳೆದುಕೊಂಡು ಹತ್ತಿರ ಬರುತ್ತಾರೆ, ಹಾಡು ಬಾಯಿಂದಲೇ ನಡೆಯುತ್ತೆ. ಹತ್ತರವರೆಗೆ ಹದವಾದ ಸದ್ದಿನಲ್ಲೇ ಹಾಡಿದ್ದರೆ ಈ ಬದಲಾವಣೆ ಯಾರಿಗೂ ದೊಡ್ಡದು ಅನ್ನಿಸಲ್ಲ, ಕಿವಿ ಅದಾಗಲೇ ಹೊಂದಿಕೊಂಡಿರುತ್ತೆ. ಹಾರ್ನ್ ಕೇಳಿದ ಕಿವಿಗೆ ಬರಿ ದನಿ ರುಚಿಸಲ್ಲ.

ಇದರ ಬದಲು ಬೇರೆ ಏನು ತಗೊಳ್ಳಬಹುದು? ಅಂಗಡಿ ಮುಂದೆ ಬಣ್ಣದ ಲೈಟು ಮಿಣುಕಿಸುತ್ತಾ ನಿಂತಿರುವ ಚಕ್ರದ ಟ್ರಾಲಿ ಸ್ಪೀಕರ್‌ಗಳು ಬೆಲೆಯಲ್ಲಿ ಎಷ್ಟೋ ಕಡಿಮೆ. ಹುಟ್ಟುಹಬ್ಬಕ್ಕೆ, ಡ್ಯಾನ್ಸಿಗೆ ಸರಿ. ಹಾಡಿನ ಮಾತು ಬಿಡಿಸಿ ಕೇಳಬೇಕು ಅನ್ನುವವರಿಗೆ ಬೇಡ, ಬೇಸ್ ಎಲ್ಲವನ್ನೂ ನುಂಗುತ್ತೆ. ಹಳೆಯ ಕಾಲದ ಹಾಗೆ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಆಂಪ್ಲಿಫೈಯರ್, ಎರಡು ಉದ್ದನೆಯ ಕಾಲಮ್ ಸ್ಪೀಕರ್, ಇದು ಇವತ್ತಿಗೂ ಒಳ್ಳೆಯ ವ್ಯವಸ್ಥೆ. ಭಜನಾ ಮಂಡಳಿಗಳಲ್ಲಿ ಇದೆ, ದನಿಗೆ ಬಹಳ ಚೆನ್ನಾಗಿದೆ, ಸ್ಥಳೀಯ ರಿಪೇರಿಯವರೇ ಸರಿ ಮಾಡುತ್ತಾರೆ. ಒಂದೇ ಊರಿನಲ್ಲಿ ಹಾಡುವವರು ಅದನ್ನೇ ಇಟ್ಟುಕೊಳ್ಳಲಿ. ಹೊತ್ತು ತಿರುಗುವವರಿಗೆ ಮಾತ್ರ ಅದರ ಭಾರ ಆಗಿಬರಲ್ಲ. ಬೋಸ್‌ನವರೇ 2023ರಲ್ಲಿ ಎಸ್ ಒನ್ ಪ್ರೊ ಪ್ಲಸ್ ಅಂತ ಹೊಸದು ತಂದಿದ್ದಾರೆ, ವೈರ್ ಇಲ್ಲದೆ ಮೈಕು ಸೇರಿಸುವ ವ್ಯವಸ್ಥೆ ಅದರಲ್ಲಿದೆ. ವೈರ್ ಇದ್ದರೇ ನನಗೆ ಧೈರ್ಯ, ಆದರೆ ನಾಟಕದವರು ಅದನ್ನು ನೋಡಬಹುದು.

ಬೆಲೆ ಕಡಿಮೆಯಲ್ಲ. ಸಣ್ಣ ಊರಿನಲ್ಲಿ ಸಿಗುವ ಸಂಭಾವನೆ ಎಷ್ಟು ಅಂತ ಎಲ್ಲರಿಗೂ ಗೊತ್ತು, ಕೆಲವೊಮ್ಮೆ ಅಡಿಕೆ, ಒಂದು ಬಾಟಲಿ ಜೇನು, ಬಸ್ ಖರ್ಚು. ಒಬ್ಬರೇ ಕೊಳ್ಳುವುದು ಕಷ್ಟ. ನಾವು ಮೂವರೂ ಸೇರಿ ಹಾಕಿದೆವು. ಎರಡು ಮೂರು ತಂಡ ಕೂಡಿ ಒಂದನ್ನು ಕೊಂಡು ಹಂಚಿಕೊಂಡರೂ ಆಗುತ್ತೆ, ಒಂದೇ ದಿನ ಎಲ್ಲರಿಗೂ ಕಾರ್ಯಕ್ರಮ ಬರುವುದು ಶಿವರಾತ್ರಿಗೆ ಮಾತ್ರ. ಬಿಲ್ ಇಟ್ಟುಕೊಳ್ಳಿ. ಕೊಳ್ಳುವ ಮುಂಚೆ ಅಂಗಡಿಯವರ ಹಾಡು ಕೇಳಿ ಒಪ್ಪಿಕೊಳ್ಳಬೇಡಿ, ನಿಮ್ಮ ಮೈಕು ತಗೊಂಡು ಹೋಗಿ ಅಲ್ಲೇ ನಾಲ್ಕು ಸಾಲು ಹಾಡಿ ನೋಡಿ. ಸ್ಟ್ಯಾಂಡು, ಕವರು, ಎರಡು ಮೈಕು ಸೇರಿಸಿಯೇ ಲೆಕ್ಕ ಹಾಕಿ. ಎರಡನೇ ಮೈಕಿನ ವೈರ್ ಮಾತ್ರ ಉದ್ದದ್ದು ಇರಲಿ, ಹತ್ತು ಮೀಟರಾದರೂ ಬೇಕು. ಹೆಂಗಸರು ಗೋಡೆ ಬದಿಗೋ ಬಾಗಿಲ ಒಳಗೋ ಕೂತಿರುತ್ತಾರೆ, ಎದ್ದು ಮುಂದೆ ಬನ್ನಿ ಅಂದರೆ ಬರಲ್ಲ, ಮೈಕೇ ಅವರು ಕೂತಲ್ಲಿಗೆ ಹೋಗಬೇಕು.